ಒಂದೇ ಹೆಸರಿನ ಮೂರು ಎಂಜಿನ್

ಅಜ್ಜಂಪುರದ ಅಕ್ಕಿ ಗಿರಣಿಯ ಎಣ್ಣೆ ಎಂಜಿನ್ನಿನ ಹೆಡ್ಡು, ಅಂದರೆ ಎಣ್ಣೆ ಉರಿಯುವ ತಲೆಭಾಗ, ಬಿರುಕು ಬಿಟ್ಟ ದಿನದಿಂದ ಯಜಮಾನ ಕೆಂಚಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎಂಜಿನ್ನಿನ ಮೇಲಿದ್ದ ‘ಹಾಲ್ಡನ್’ ಎಂಬ ಹೆಸರು ಬರೆದು ಹೊಸ ಹೆಡ್ಡು ಕೇಳಿದರೆ, ಮದರಾಸಿನ ಏಜೆಂಟರು ಯಾವ ಹಾಲ್ಡನ್ ಎಂದು ತಂತಿ ಕಳಿಸಿದರು.

ಬೇರೆ ಹಾಲ್ಡನ್ ನೋಡಿ ಹೋಲಿಸಲೆಂದು ಕೆಂಚಪ್ಪ ತರೀಕೆರೆಯ ಮರ ಕೊಯ್ಯುವ ಗಿರಣಿಗೆ ಹೋದ. ಅಲ್ಲಿನ ಹಾಲ್ಡನ್ನಿಗೆ ಹೆಡ್ಡು ದೊಡ್ಡದು, ಅದನ್ನು ಊದುದೀಪವಿಟ್ಟು ಕೆಂಪಗೆ ಕಾಯಿಸದೆ ಎಂಜಿನ್ ಹೊರಡುತ್ತಿರಲಿಲ್ಲ. ಊರಿಗೂ ಮರಳದೆ ಕಡೂರಿಗೆ ಓಡಿದ. ಅಲ್ಲಿ ಅಂಜಿನಮ್ಮನ ಗಿರಣಿಯ ಹಾಲ್ಡನ್ನಿಗೆ ದೀಪವೇ ಬೇಕಿರಲಿಲ್ಲ. ಕೆಂಚಪ್ಪನದಕ್ಕೆ ದೀಪ ಬೇಕು, ಆದರೆ ಹೆಡ್ಡು ತರೀಕೆರೆಯದಕ್ಕಿಂತ ಚಿಕ್ಕದು.

"ಒಂದೇ ಹೆಸ್ರಲ್ಲಿ ಇದೇನ್ರೀ ಮೋಸ?" ಎಂದ.

"ನಿಮ್ಗೆ ಯಾರ ಹೆಸ್ರು ಇಟ್ಟವ್ರೆ?" ಎಂದಳು ಅಂಜಿನಮ್ಮ.

"ನಮ್ ತಾತಂದು."

"ಹಂಗೇ ಕಣ್ರೀ. ತರೀಕೆರೇದು ತಾತ. ನಾವೇ ಅದನ್ನ ಮಾರಿ ಈ ಮೊಮ್ಮಗನ್ನ ತಂದ್ವಿ. ಮಾಡೋರು ಒಳಗೆಲ್ಲಾ ಬದಲಾಯಿಸವ್ರೆ, ಹೆಸ್ರು ಮಾತ್ರ ಬಿಟ್ಟಿಲ್ಲ."

ಹಾಗಾದರೆ ತನ್ನದು ತಾತನಿಗೂ ಮೊಮ್ಮಗನಿಗೂ ನಡುವಿನದು. ಕೆಂಚಪ್ಪ ಅಲ್ಲಿಂದಲೇ ಮೂರನ್ನೂ ವಿವರಿಸಿ, ನಡುವಿನದರ ಹೆಡ್ಡು ಬೇಕೆಂದು ಏಜೆಂಟರಿಗೆ ಕಾಗದ ಬರೆದು ಹಾಕಿದ. ಅದು ಬರುವವರೆಗೆ ದಿನವೂ ಸ್ಟೇಷನ್ನಿಗೆ ಅಲೆದ.

ಬಂದ ಹೆಡ್ಡು ಸರಿಯಾಗಿ ಕೂತಿತು. ಗಿರಣಿ ತಿರುಗಿತು. ಆಳುಗಳು ನಿರಾಳವಾಗಿ ಬೀಡಿ ಹಚ್ಚಿದರು. ಕೆಂಚಪ್ಪ ಮಾತ್ರ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಂತೇ ಇದ್ದ.