ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಸ್ಕೂಲಿನ ಆ ಬಿಳಿ ಕಾರಿನಲ್ಲಿ ಬ್ರೇಕುಗಳು ಎರಡು. ಕಲಿಯುವವರ ಕಾಲಡಿ ಒಂದು, ಪಕ್ಕದ ಸೀಟಿನಲ್ಲಿ ಕೂರುವ ಟೀಚರಕ್ಕನ ಕಾಲಡಿ ಇನ್ನೊಂದು. ಎರಡಕ್ಕೂ ನಡುವೆ ಒಂದು ಕಬ್ಬಿಣದ ಸರಳು. ಈ ಕಡೆ ತುಳಿದರೆ ಆ ಕಡೆಯದೂ ತಗ್ಗುತ್ತದೆ, ಆ ಕಡೆ ತುಳಿದರೆ ಈ ಕಡೆಯದೂ. ಟೀಚರಕ್ಕನಿಗೆ ಸ್ಟೀರಿಂಗಿಲ್ಲ, ಆಕ್ಸಿಲರೇಟರಿಲ್ಲ. ಇದ್ದ ಅಧಿಕಾರವೆಲ್ಲ ಅಂಗಾಲಿನಷ್ಟು ಅಗಲ.

ಅದನ್ನು ಅವಳು ಯಾರಿಗೂ ಕಾಣದ ಹಾಗೆ ಚಲಾಯಿಸುತ್ತಿದ್ದಳು. ಸಿಗ್ನಲ್ ಹತ್ತಿರ ಬಂದಾಗ ಕಲಿಯುವವರ ಕಾಲು ಮರಗಟ್ಟಿದರೆ, ಇವಳು ತನ್ನ ಕಡೆಯಿಂದ ಮೆಲ್ಲಗೆ ಒತ್ತುತ್ತಿದ್ದಳು. ಕಾರು ನಿಂತ ಕೂಡಲೇ, "ನೋಡಿದ್ರಾ, ಎಷ್ಟು ನಾಜೂಕಾಗಿ ನಿಲ್ಲಿಸಿದ್ರಿ!" ಎನ್ನುತ್ತಿದ್ದಳು. ಅವರ ಮುಖ ಅರಳುತ್ತಿತ್ತು, ಮನೆಗೆ ಹೋಗಿ ಹತ್ತು ಜನರಿಗೆ ಹೇಳಿಕೊಳ್ಳುತ್ತಿದ್ದರು. ಬೈದು ಕಲಿಸುವುದು ಅವಳ ಜಾಯಮಾನವಲ್ಲ. ಧೈರ್ಯ ಬಂದರೆ ಕಾಲು ತಾನಾಗಿ ಬರುತ್ತದೆ ಎಂಬುದು ಅವಳ ನಂಬಿಕೆ. ಬಹಳ ಮಂದಿಗೆ ಬಂದೂ ಇತ್ತು.

ಹೊಸದಾಗಿ ಸೇರಿದ್ದ, ಹೊಲಿಗೆ ಅಂಗಡಿಯ ಟೈಲರಮ್ಮನಿಗೆ ಮಾತ್ರ ಬೇಗ ಬರಲಿಲ್ಲ. ಸ್ಟೀರಿಂಗನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿಯುತ್ತಿದ್ದಳು. ಅಂಥವಳು ಇಳಿಜಾರು ಬೀದಿಯ ಕೊನೆಯಲ್ಲಿ, ಗಡಿಯಾರ ರಿಪೇರಿ ಅಂಗಡಿಯ ಮೆಟ್ಟಿಲಿಗೆ ಕಾರನ್ನು ಗುದ್ದಿಸಿದಳು. ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ ಅಂಗಡಿಯ ತಾತನ ಕಾಲು ಮುರಿಯಿತು.

ಜನ ಸೇರುವುದಕ್ಕೆ ಎಷ್ಟು ಹೊತ್ತು? ತಾತನನ್ನು ಎತ್ತಿಕೊಂಡು ಹೋಗುವ ಮೊದಲೇ ತೀರ್ಪು ಬಂದಿತ್ತು.

"ಬ್ರೇಕ್ ಬದಲು ಆಕ್ಸಿಲರೇಟರ್ ತುಳಿದಿರ್ತಾಳೆ. ಇನ್ನೇನು?"

"ಹೊಲಿಯೋರು ಹೊಲ್ಕೊಂಡಿರ್ಬೇಕಪ್ಪ."

ಹಿಂದೆ ಇಬ್ಬರನ್ನು ಕೂರಿಸಿಕೊಂಡು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಬಂದ ಬೈಕಿನವನೊಬ್ಬ ಗಾಡಿ ನಿಲ್ಲಿಸಿ, "ಜನಕ್ಕೆ ಜವಾಬ್ದಾರೀನೇ ಇಲ್ಲ ನೋಡಿ" ಎಂದು ಬುದ್ಧಿ ಹೇಳಿ ಹೋದ. ಅದೇ ಬೀದಿಯಲ್ಲಿ ಬಸ್ಸುಗಳು ಗಾಳಿಯ ಹಾಗೆ ನುಗ್ಗುತ್ತವೆ, ಅವುಗಳ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಕಾರಿಗೆ ಬ್ರೇಕ್ ಇತ್ತೇ ಎಂದು ಕೇಳಿದವರು ಒಬ್ಬರೂ ಇಲ್ಲ.

ಉತ್ತರ ಟೀಚರಕ್ಕನಿಗೆ ಗೊತ್ತಿತ್ತು. ಆ ದಿನ ಅವಳು ಎಂದಿನಂತೆ ಕಾಲು ಎತ್ತಿ ಇಡಲು ಹೋದಾಗ, ಬ್ರೇಕು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಆಗಲೇ ಕೆಳಗಿಳಿದು ನೆಲ ಮುಟ್ಟಿತ್ತು. ಅಂದರೆ ಆ ಕಡೆಯಿಂದ ಟೈಲರಮ್ಮ ತುಳಿದಾಗಿತ್ತು, ತುಳಿದರೂ ಕಾರು ನಿಂತಿರಲಿಲ್ಲ. ಹ್ಯಾಂಡ್‌ಬ್ರೇಕಿಗೆ ಕೈ ಹೋಗುವಷ್ಟರಲ್ಲಿ ಮೆಟ್ಟಿಲು ಬಂದೇಬಿಟ್ಟಿತ್ತು.

ಸ್ಕೂಲು ಅವಳ ಅಣ್ಣನದು. ಗಂಡ ಹೋದ ಮೇಲೆ ಅವಳಿರುವುದೂ ಅಣ್ಣನ ಮನೆಯ ಮೇಲಿನ ಕೋಣೆಯಲ್ಲೇ. ಬ್ರೇಕು ಮೆತ್ತಗಾಗಿದೆ ಎಂದು ಅವಳು ಮೊದಲೇ ಹೇಳಿದ್ದಳು. "ಈ ಬ್ಯಾಚ್ ಮುಗೀಲಿ, ತೋರಿಸೋಣ" ಎಂದಿದ್ದ ಅಣ್ಣ. ಈಗ ಅವನು ಗ್ಯಾರೇಜಿನ ಗೆಳೆಯನನ್ನು ಕರೆಸಿ, ಏನೋ ಎಣ್ಣೆ ತುಂಬಿಸಿ, ಬಂಪರು ನೆಟ್ಟಗೆ ಮಾಡಿಸಿ, ಮಧ್ಯಾಹ್ನ ಊಟಕ್ಕೆ ಕೂತಾಗ ಮೆಲ್ಲಗೆ ಮಾತು ತೆಗೆದ.

"ನಾಳೆ ಬೆಳಿಗ್ಗೆ ಗಾಡಿ ನೋಡೋಕೆ ಇನ್ಸ್‌ಪೆಕ್ಟರ್ ಬರ್ತಾರೆ. ಗಾಬರೀಲಿ ಆಕ್ಸಿಲರೇಟರ್ ತುಳಿದ್ಲು ಅಂದ್ಬಿಡು. ಕಲಿಯೋರು ತಪ್ಪು ಮಾಡ್ತಾರೆ, ಅದಕ್ಕೇ ಅಲ್ವಾ ಗಾಡಿ ಮೇಲೆ ಬೋರ್ಡ್ ಹಾಕೋದು?"

"ಅವಳು ಬ್ರೇಕೇ ತುಳಿದಿದ್ದು, ಅಣ್ಣಾ."

"ನೀನೇನು ಅವಳ ಕಾಲ ಹತ್ರ ಕೂತಿದ್ಯಾ?"

ಅತ್ತಿಗೆ ಬಡಿಸುವ ಸೌಟನ್ನು ಪಾತ್ರೆಯಲ್ಲಿ ಸ್ವಲ್ಪ ಜೋರಾಗಿಯೇ ಇಟ್ಟರು. "ತಿನ್ನೋ ಅನ್ನ ಎಲ್ಲಿಂದ ಬರುತ್ತೆ ಅನ್ನೋದು ಮರೀಬಾರದಮ್ಮ" ಎಂದರು, ಯಾರ ಮುಖವನ್ನೂ ನೋಡದೆ. ಟೀಚರಕ್ಕ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದು ಕೈ ತೊಳೆದಳು.

ಅಂದು ಸಂಜೆ ಅವಳು ಟೈಲರಮ್ಮನ ಅಂಗಡಿಗೆ ಹೋದಳು. ಹೊಲಿಗೆ ಮೆಷಿನ್ನಿನ ಮುಂದೆ ಟೈಲರಮ್ಮ ಕತ್ತರಿ ಹಿಡಿದು ಸುಮ್ಮನೆ ಕೂತಿದ್ದಳು, ಸೂಜಿಯಡಿ ಅರ್ಧ ಹೊಲಿದ ರವಿಕೆಯ ತೋಳು.

"ಬನ್ನಿ ಟೀಚರಕ್ಕ. ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನಾನು ತುಳಿದಿದ್ದು ಆ ಇನ್ನೊಂದನ್ನೇನಾ?"

"ಯಾರು ಹೇಳಿದ್ದು?"

"ಯಾರು ಹೇಳಿಲ್ಲ ಹೇಳಿ! ನಮ್ಮನೆಯವರು ಹೇಳ್ತಾರೆ, ನಾದಿನಿ ಹೇಳ್ತಾಳೆ, ಗುಂಡಿ ತಗೊಳ್ಳೋಕೆ ಬಂದೋರೂ ಹೇಳಿ ಹೋಗ್ತಾರೆ. ಮೊದಲ ದಿನ ಎಲ್ಲರ ಜೊತೆ ಜಗಳ ಆಡ್ದೆ. ಈಗ ನನಗೇ ಅನುಮಾನ. ಈ ಮೆಷಿನ್ ತುಳಿಯೋಕೂ ಕಾಲು ಬರ್ತಿಲ್ಲ ಅಕ್ಕ."

"ನೀವು ಬ್ರೇಕೇ ತುಳಿದಿದ್ದು. ನನಗೆ ಖಂಡಿತ ಗೊತ್ತು."

"ಹೇಗೆ ಗೊತ್ತು?"

ಟೀಚರಕ್ಕ ಸಿಕ್ಕಿಬಿದ್ದದ್ದು ಇಲ್ಲಿ. ಹೇಗೆ ಎಂದು ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕು. ಹೇಳಿದಳು. ಸರಳಿನ ವಿಷಯ, ತನ್ನ ಕಾಲಿನ ವಿಷಯ, ಎಲ್ಲ.

ಟೈಲರಮ್ಮ ಕತ್ತರಿ ಕೆಳಗಿಟ್ಟಳು. "ಹಾಗಾದ್ರೆ ಸಿಗ್ನಲ್ಲಲ್ಲಿ ನಿಲ್ಲಿಸಿದ್ದು?"

"ನಾನು."

"ಸೇತುವೆ ಹತ್ರ, ಹಸು ಅಡ್ಡ ಬಂದಾಗ? ಅದನ್ನ ನಾನು ನಮ್ಮಮ್ಮಂಗೆ ಫೋನ್ ಮಾಡಿ ಹೇಳಿದ್ದೆ!"

"ಅದೂ ನಾನೇ."

"ಅಯ್ಯೋ, ಚಪ್ಪಾಳೆ ಬೇರೆ ತಟ್ಟಿದ್ರಲ್ಲ ನೀವು! ಮಗು ಆಡಿಸಿದ ಹಾಗೆ ಆಡಿಸಿದ್ರಾ ನನ್ನ?" ಅವಳ ಕಣ್ಣು ತುಂಬಿತು. ಮೆಲ್ಲಗೆ ಕೇಳಿದಳು: "ಮತ್ತೆ ಆವತ್ತು?"

"ಆವತ್ತು ನನ್ನ ಕಾಲು ಬರೋದಕ್ಕಿಂತ ಮುಂಚೆ ನಿಮ್ಮ ಕಾಲು ಬಂದಿತ್ತು. ನೀವು ನೀವಾಗೇ ಬ್ರೇಕ್ ಹಾಕಿದ್ದು ಅದೇ ಮೊದಲು."

ಟೈಲರಮ್ಮನಿಗೆ ಅಳುತ್ತಲೇ ನಗು ಬಂತು. "ನನ್ನ ಅದೃಷ್ಟ ನೋಡಿ" ಎಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇದನ್ನ ನಾಳೆ ಇನ್ಸ್‌ಪೆಕ್ಟರ್ ಮುಂದೆ ಹೇಳ್ತೀರಾ?" ಎಂದಳು. ಟೀಚರಕ್ಕ ಹೂಂ ಎಂದು ತಲೆಯಾಡಿಸಿದಳು.

ಮರುದಿನ ಸ್ಕೂಲಿನ ಅಂಗಳದಲ್ಲಿ ಇನ್ಸ್‌ಪೆಕ್ಟರು ಕಾರಿನೊಳಗೆ ಕೂತು, ಬೂಟುಗಾಲಲ್ಲಿ ಬ್ರೇಕನ್ನು ಧಡಧಡ ತುಳಿದರು. ಮುಂದಕ್ಕೆ ಎರಡಾಳುದ್ದ ಓಡಿಸಿ ನಿಲ್ಲಿಸಿದರು. "ಬ್ರೇಕು ಕಲ್ಲಿದ್ದ ಹಾಗೆ ಗಟ್ಟಿಯಾಗಿದೆಯಲ್ರೀ!"

ಗೇಟಿನ ಹತ್ತಿರ ನಿಂತಿದ್ದ ಟೈಲರಮ್ಮ ಟೀಚರಕ್ಕನ ಮುಖ ನೋಡಿದಳು. ಟೀಚರಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇನ್ಸ್‌ಪೆಕ್ಟರು ಕೇಳಿಸಿಕೊಂಡು ಗಲ್ಲ ಕೆರೆದುಕೊಂಡರು.

"ಅಂದ್ರೆ ಇಷ್ಟು ದಿನ ಈಯಮ್ಮನಿಗೆ ಬ್ರೇಕ್ ಹಾಕೋದೇ ಗೊತ್ತಿರ್ಲಿಲ್ಲ ಅಂತಾಯ್ತು. ಆವತ್ತು ಮಾತ್ರ ಸರಿಯಾಗಿ ಹಾಕಿದ್ರು ಅಂತೀರಾ?"

ಟೀಚರಕ್ಕ ಟೈಲರಮ್ಮನನ್ನು ಎತ್ತಲು ಹೋಗಿ ಇನ್ನಷ್ಟು ಆಳಕ್ಕೆ ತಳ್ಳಿದ್ದಳು.

ಅಣ್ಣ ಅದನ್ನೇ ಕಾಯುತ್ತಿದ್ದವನಂತೆ ನಕ್ಕ. "ಸಾರ್, ನನ್ನ ತಂಗಿ ಮನಸ್ಸು ಮೃದು. ಈಗಲೇ ಒಂದು ರೌಂಡ್ ಹೊಡ್ಕೊಂಡು ಬರ್ತೀನಿ. ಇವಳನ್ನೇ ಪಕ್ಕದಲ್ಲಿ ಕೂರಿಸ್ಕೋತೀನಿ. ಬ್ರೇಕ್ ಇಲ್ದಿರೋ ಗಾಡೀಲಿ ಯಾರಾದ್ರೂ ಸ್ವಂತ ತಂಗೀನ ಕೂರಿಸ್ತಾರಾ? ಬಾರೇ, ಹತ್ತು."

ಅವಳು ಹತ್ತಿದಳು. ಬೆಲ್ಟು ಹಾಕಿಕೊಂಡಳು. ಬಾಗಿಲು ಮುಚ್ಚಿದಾಗ ಹೊರಗಿನ ಸದ್ದೆಲ್ಲ ನಿಂತುಹೋಯಿತು. ಅದೇ ಸೀಟು, ಅದೇ ಗಾಜು. ಆದರೆ ಇವತ್ತು ಅವಳು ಕಾಲನ್ನು ಬ್ರೇಕಿನ ಮೇಲೆ ಒತ್ತದೆ, ಮುಟ್ಟಿಯೂ ಮುಟ್ಟದ ಹಾಗೆ ಇಟ್ಟುಕೊಂಡಿದ್ದಳು.

ಅಣ್ಣ ಒರಟಾಗಿ ಓಡಿಸಿದ, ತಿರುವಿನಲ್ಲಿ ಗಕ್ಕನೆ ನಿಲ್ಲಿಸಿದ, ಮತ್ತೆ ಹೊರಟ. "ಏನಾಗಿದೆಯೇ ಇದಕ್ಕೆ? ಊರೆಲ್ಲ ನನ್ನ ಮಾನ ತೆಗೆದ್ಯಲ್ಲ!" ಇಳಿಜಾರು ಬೀದಿ ಬಂತು. ಒಂದು ಪಕ್ಕ ಉದ್ದಕ್ಕೂ ಗೋಡೆ, ಇನ್ನೊಂದು ಪಕ್ಕ ಮೇಲೇರುವ ಗಾಡಿಗಳ ಸಾಲು. ಮುಂದೆ ನಿಧಾನವಾಗಿ ಇಳಿಯುತ್ತಿದ್ದ ಒಂದು ವ್ಯಾನು. ಅಣ್ಣ ಕಲಿಯುವವರನ್ನು ಅಣಕಿಸುವವನಂತೆ, "ನೋಡು, ಹೀಗೆ ಹೂವಿನ ಹಾಗೆ ಒತ್ತಿದ್ರೂ..." ಎಂದು ಮೆಲ್ಲಗೆ ಬ್ರೇಕು ಒತ್ತಿದ.

ಟೀಚರಕ್ಕನ ಕಾಲಡಿಯಿಂದ ಬ್ರೇಕು ಜಾರಿ ಕೆಳಗೆ ಹೋಯಿತು, ಬೆಣ್ಣೆಯಲ್ಲಿ ಬೆರಳು ಇಳಿದ ಹಾಗೆ. ಧಡಕ್ಕನೆ ತುಳಿದರೆ ಹಿಡಿಯುತ್ತಿದ್ದದ್ದು ಮೆಲ್ಲಗೆ ಒತ್ತಿದರೆ ಹಿಡಿಯುತ್ತಿರಲಿಲ್ಲ. ಅಣ್ಣನ ಮಾತು ಅರ್ಧಕ್ಕೇ ನಿಂತಿತು. ವ್ಯಾನಿನ ಹಿಂಭಾಗ ದೊಡ್ಡದಾಗುತ್ತ ಬಂತು. ಅವಳು ಎರಡೂ ಕೈಯಿಂದ ಹ್ಯಾಂಡ್‌ಬ್ರೇಕು ಎಳೆದಳು. ಕಾರು ಕಿರುಚಿ, ಮೂತಿ ಓರೆಯಾಗಿ, ವ್ಯಾನಿಗೆ ಒಂದು ಗೇಣು ದೂರದಲ್ಲಿ ನಿಂತಿತು. ವ್ಯಾನಿನವನು ಏನೂ ಗೊತ್ತಾಗದೆ ಹೊರಟುಹೋದ.

ಹಿಂದಿನಿಂದ ಹಾರನ್ನುಗಳು ಶುರುವಾದವು. ಅಣ್ಣನ ಹಣೆಯಲ್ಲಿ ನೀರಿಳಿಯುತ್ತಿತ್ತು.

"ಬಿಡು. ಒಂದನೇ ಗೇರಲ್ಲಿ ಮೆಲ್ಲಗೆ ಮನೆ ಸೇರೋಣ. ಯಾರೂ ನೋಡಿಲ್ಲ."

"ಫೋನ್ ಮಾಡಿ ಹೇಳಣ್ಣ. ಇಲ್ಲಿಂದಲೇ."

"ಹುಚ್ಚಾ ನಿನಗೆ? ಸ್ಕೂಲ್ ಮುಚ್ಚಿಸ್ತಾರೆ. ಮುಚ್ಚಿದ್ರೆ ನೀನೆಲ್ಲಿಗೆ ಹೋಗ್ತೀಯ?"

ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದಿದ್ದ ಪ್ರಶ್ನೆ.

"ಗೊತ್ತಿಲ್ಲಣ್ಣ. ಆದ್ರೆ ಈ ಕೈ ತೆಗೆಯಲ್ಲ."

ಅವನು ಅವಳ ಕೈ ಬಿಡಿಸಲು ನೋಡಿದ. ಹ್ಯಾಂಡ್‌ಬ್ರೇಕಿನ ಹಲ್ಲುಗಳೂ ಸವೆದಿವೆ, ಕೈ ಬಿಡಿಸಿದರೆ ಅದು ನಿಲ್ಲದೆ ಕಾರು ಕೆಳಗೆ ಉರುಳುತ್ತದೆ ಎಂಬುದು ಅವನಿಗೂ ಹೊಳೆಯಿತು, ಕೈ ಹಿಂದಕ್ಕೆ ತೆಗೆದ. ಇವಳ ಕಡೆ ಗೋಡೆ, ಬಾಗಿಲು ತೆಗೆಯುವಂತಿಲ್ಲ. ಅವನ ಕಡೆ ಒಂದರ ಹಿಂದೊಂದು ಗಾಡಿ. ಕೊನೆಗೆ ಅವನು ಫೋನು ತೆಗೆದ.

"ಸಾರ್... ಅದು... ಬ್ರೇಕ್..." ಎಂದು ಗೊಣಗಿದ. ಆ ಕಡೆಯಿಂದ ಇನ್ಸ್‌ಪೆಕ್ಟರು ಏನ್ರೀ, ಕೇಳಿಸ್ತಿಲ್ಲ, ಜೋರಾಗಿ ಹೇಳಿ ಎಂದು ಕೂಗುತ್ತಿದ್ದರು. ಹಾರನ್ನುಗಳ ಗದ್ದಲ. ಅಣ್ಣ ಗಾಜು ಇಳಿಸಿ ಹಿಂದಿನವರಿಗೆ ಕೈ ಬೀಸಿದ, ಯಾರೂ ಕೇಳಲಿಲ್ಲ. ತಡೆಯಲಾರದೆ ಗಂಟಲು ಹರಿಯುವಂತೆ ಕಿರುಚಿದ:

"ಬ್ರೇಕ್ ಇಲ್ಲ ಸಾರ್! ಗಾಡಿಗೆ ಬ್ರೇಕೇ ಇಲ್ಲ! ಆಯಮ್ಮ ತುಳಿದಿದ್ದು ಬ್ರೇಕೇ!"

ಹತ್ತಿರದ ಹಾರನ್ನುಗಳು ಒಮ್ಮೆಲೇ ನಿಂತವು. ಬೀದಿಯ ಕೆಳಗೆ ಯಾರೋ ಹೆದರಿ ಅಂಗಡಿ ಮುಂದಿನ ಕುರ್ಚಿ ಒಳಗೆಳೆದುಕೊಂಡರು. ಅಣ್ಣನ ಕಾಲು ಆ ಸತ್ತ ಬ್ರೇಕನ್ನು ಇನ್ನೂ ಒತ್ತಿಯೇ ಇತ್ತು, ಅದಕ್ಕೆ ಟೀಚರಕ್ಕನ ಕಡೆಯದೂ ನೆಲಕ್ಕಂಟಿಕೊಂಡಿತ್ತು. ಅವಳು ಹ್ಯಾಂಡ್‌ಬ್ರೇಕನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿದಳು.

"ಟೈರಿಗೆ ಅಡ್ಡ ಕಲ್ಲು ಕೊಡೋಕೆ ಯಾರನ್ನಾದ್ರೂ ಕರಿ ಅಣ್ಣಾ" ಎಂದಳು. "ಅಲ್ಲೀವರೆಗೂ ಹಿಡ್ಕೊಂಡಿರ್ತೀನಿ."