ಬರಿಮೇಜಿನ ಬಿಳಿಬಟ್ಟೆ

ಎಸ್ಸಿಲ್ಫಿಯವರು ತಮ್ಮ ಸ್ವಂತ ಮನೆಯ ಬಾಗಿಲನ್ನೂ ತಟ್ಟಿಯೇ ಒಳಗೆ ಹೋಗುತ್ತಿದ್ದರು. ನಮ್ಮೂರು ಕೇಪ್ ಕೋಸ್ಟಿನ ಸುಡುಬಿಸಿಲಿನಲ್ಲೂ ಕಳಚದ ಕಪ್ಪು ಕೋಟು, ಬಂದರಿನ ಗುಮಾಸ್ತಗಿರಿಯಿಂದ ಉಳಿದುಬಂದ ಅಳೆದಿಡುವ ಹೆಜ್ಜೆ, ಮಾತಿಗೆ ಮೊದಲು ಗಂಟಲು ಸರಿಪಡಿಸಿಕೊಳ್ಳುವ ಅಭ್ಯಾಸ. ಹೊಸಿಲು ಕಂಡರೆ ಸಾಕು, ಆ ಹೆಜ್ಜೆ ತಾನಾಗಿ ನಿಲ್ಲುತ್ತಿತ್ತು. "ಬನ್ನಿ, ಮನೆ ನಿಮ್ದೇ," ಎಂದು ಹೆಂಡತಿ ಒಳಗಿನಿಂದ ಛೇಡಿಸುತ್ತಿದ್ದರು.

ಮಾರ್ಮನ್ ಎಂಬ ಅಮೆರಿಕದ ಕ್ರೈಸ್ತ ಸಭೆಯ ಗ್ರಂಥವೊಂದು ಎಲ್ಲಿಂದಲೋ ಕೈಸೇರಲು ಅದನ್ನು ನಂಬಿ, ಆ ಸಭೆಯವರ ಮುಖವನ್ನೇ ಕಾಣದೆ, ನಮ್ಮೂರಿನಲ್ಲಿ ಅದರ ಆರಾಧನೆಯನ್ನು ಆರಂಭಿಸಿದವರು ಅವರು. ಆದರೆ ಕರಿಯರಿಗೆ ಪೌರೋಹಿತ್ಯದ ದೀಕ್ಷೆಯಿಲ್ಲವೆಂಬುದು ಸಭೆಯ ಕಟ್ಟಳೆ; ದೀಕ್ಷೆಯಿಲ್ಲದವರು ಆರಾಧನೆಯಲ್ಲಿ ಹಂಚುವ ಪವಿತ್ರ ರೊಟ್ಟಿ-ನೀರನ್ನು ಹರಸುವಂತಿಲ್ಲ. ಹಾಗಾಗಿ ಪ್ರತಿ ಭಾನುವಾರ ಮೇಜಿಗೆ ಬಿಳಿಬಟ್ಟೆ ಹಾಸಿ, ಅದರ ಮೇಲೆ ಏನನ್ನೂ ಇಡದೆ, ಮೌನವಾಗಿ ಮೊಣಕಾಲೂರಿ ಎದ್ದುಬಿಡುತ್ತಿದ್ದರು. ಹರಸುವ ಪ್ರಾರ್ಥನೆ ಅವರಿಗೆ ಬಾಯಿಪಾಠವಾಗಿತ್ತು, ಆದರೂ ಒಮ್ಮೆಯೂ ತುಟಿಗೆ ತಂದವರಲ್ಲ. ಆ ಖಾಲಿ ಬಟ್ಟೆ ಕಂಡರೆ, ಅವರ ಸಭೆಯಲ್ಲಿ ಕೂರುತ್ತಿದ್ದ ನನಗೆ ಮೈ ಉರಿಯುತ್ತಿತ್ತು.

ಒಂದು ಭಾನುವಾರ ಮೀನಿನ ವ್ಯಾಪಾರಿ ಫೀಫಿ ಎಂಬ್ರೊ ಜೋಳದ ಹಿಟ್ಟು ಬೇಯಿಸಿ ಮಾಡಿದ ಕೆಂಕಿಯ ಉಂಡೆಯೊಂದನ್ನು ತಂದು ಆ ಬಟ್ಟೆಯ ಮೇಲಿಟ್ಟ.

"ಹರಸಿ, ಎಗ್ಯಾ," ಎಂದ. ಅಪ್ಪನ ಸ್ಥಾನದಲ್ಲಿದ್ದ ಅವರನ್ನು ನಾವೆಲ್ಲ ಕರೆಯುತ್ತಿದ್ದುದೇ ಹಾಗೆ. "ನಮ್ಮ ಕೈ ಮುಟ್ಟಬಾರ್ದು ಅಂದೋರು ಸಮುದ್ರದ ಆಚೆ ಅವ್ರೆ. ಯಾರು ಬಂದು ಕೇಳ್ತಾರೆ?"

"ಯಾರೂ ಕೇಳಲ್ಲ ಕಣಪ್ಪ. ಕೊಡದೆ ಇರೋದನ್ನ ತಗೊಂಡ್ರೆ ನನಗೇ ಗಂಟಲಲ್ಲಿ ಇಳಿಯಲ್ಲ."

"ಅವರು ಕೊಡಲ್ಲ. ಸಾಯೋವರ್ಗೂ ತಟ್ತಾ ಇರಿ."

ಫೀಫಿಯ ಹಿಂದೆ ಅರ್ಧ ಸಭೆಯೇ ಎದ್ದುಹೋಯಿತು. ಎಸ್ಸಿಲ್ಫಿಯವರು ಬಟ್ಟೆಯ ಸುಕ್ಕನ್ನು ನೇವರಿಸುತ್ತ ನಿಂತಿದ್ದರು.

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಸಭೆಯ ಆ ಕಟ್ಟಳೆ ಬದಲಾಯಿತು. ಬಿಳಿಯ ಹಿರಿಯರು ಬಂದು ನಮ್ಮನ್ನು ಕಡಲಿನಲ್ಲಿ ಮುಳುಗಿಸಿ ಸ್ನಾನದೀಕ್ಷೆ ಮಾಡಿಸಿ, ಎಸ್ಸಿಲ್ಫಿಯವರಿಗೆ ಪೌರೋಹಿತ್ಯದ ದೀಕ್ಷೆ ಕೊಟ್ಟರು. ಮುಂದಿನ ಭಾನುವಾರ ಬಟ್ಟೆಯ ಮೇಲೆ ರೊಟ್ಟಿಯಿತ್ತು. ಆ ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿದರೂ ಮೊದಲಿನಿಂದ ಹೇಳಬೇಕು. ಎಸ್ಸಿಲ್ಫಿಯವರು ಮೊಣಕಾಲೂರಿದರು, ಗಂಟಲು ಸರಿಪಡಿಸಿಕೊಂಡರು, ನಡುವೆ ಒಂದು ಪದ ಬಿಟ್ಟರು. ಪಕ್ಕದಲ್ಲಿದ್ದ ಅಮೆರಿಕದ ಹಿರಿಯ ಇಲ್ಲವೆಂದು ತಲೆಯಾಡಿಸಿದ. ಎರಡನೆಯ ಸಲವೂ ಅಲ್ಲಿಯೇ ತಪ್ಪಿತು. ಇಷ್ಟು ಕಾಲ ಬಾಯಿ ಮುಚ್ಚಿಸಿದವರೇ ಈಗ ಪದ ಎಣಿಸುತ್ತಿದ್ದಾರಲ್ಲ ಎಂದು ನಾನು ಹಲ್ಲು ಕಚ್ಚಿದೆ. ಎಸ್ಸಿಲ್ಫಿಯವರ ಬೆವರು ಕೋಟಿನ ಕಾಲರಿಗೆ ಇಳಿಯುತ್ತಿತ್ತು. ಇನ್ನೊಮ್ಮೆ ತಪ್ಪಿದರೆ ಈ ಮನುಷ್ಯ ಎದ್ದುಹೋಗುತ್ತಾರೆ, ಮತ್ತೆಂದೂ ಮೊಣಕಾಲೂರುವುದಿಲ್ಲ ಎನಿಸಿತು ನನಗೆ.

ಆಗ ಬಾಗಿಲ ಬಳಿಯಿಂದ ಫೀಫಿಯ ದನಿ ಬಂತು. ಯಾವಾಗ ಬಂದು ನಿಂತಿದ್ದನೋ.

"ನಿಧಾನವಾಗಿ ಹೇಳಿ, ಎಗ್ಯಾ. ಕಾಯೋದು ನಮಗೇನ್ ಹೊಸದಾ?"

ಯಾರೋ ಕಿಸಕ್ಕೆಂದರು. ಎಸ್ಸಿಲ್ಫಿಯವರ ಭುಜ ಸಡಿಲವಾಯಿತು. ಈ ಸಲ ಒಂದು ಪದವೂ ತಪ್ಪಲಿಲ್ಲ.

ಇಂಥವರ ತಾಳ್ಮೆಯನ್ನು ಲೋಕ ಹೊಗಳುತ್ತದೆ. ಬಾಗಿಲು ಹಾಕಿಕೊಂಡಿದ್ದವರು ಇನ್ನೂ ಹೆಚ್ಚಾಗಿ ಹೊಗಳುತ್ತಾರೆ. ಆ ಹೊಗಳಿಕೆ ನನಗೆ ಹಿಡಿಸದು. ತಾವು ಅನರ್ಹರೆಂದು ಇಂಥವರು ಒಂದು ದಿನವೂ ಒಪ್ಪಿರುವುದಿಲ್ಲ. ಮನೆ ತಮ್ಮದೆಂದು ಒಳಗಿದ್ದವರಿಗಿಂತ ಗಟ್ಟಿಯಾಗಿ ನಂಬಿರುತ್ತಾರೆ, ಅದಕ್ಕೇ ಒಡೆಯದೆ ತಟ್ಟುತ್ತಾರೆ. ಬಾಗಿಲು ತೆರೆದವರು ಸ್ವಾಗತದ ಮಾತು ಬಹಳ ಆಡಿದರು. ಹೊಸಿಲ ಹೊರಗೆ ಕಾಯುತ್ತ ಕಳೆದುಹೋದ ಆಯುಷ್ಯಕ್ಕೆ ಮಾತ್ರ ಇನ್ನೂ ಯಾರೂ ಉತ್ತರ ಹೇಳಿಲ್ಲ.