ಬಾಯಿ ಮುಚ್ಚಿ ಕೂತ ಬೆಳಗು

ಬೆಳಕು ಹರಿಯುವ ಮೊದಲೇ ಗೈಡು ಹಕ್ಕಿ ನೋಡಲು ಬಂದ ಇಬ್ಬರನ್ನೂ ಸೊಪ್ಪು ಹೊದಿಸಿದ ಪುಟ್ಟ ಗುಡಾರದೊಳಗೆ ಕೂರಿಸಿ, ಮೊಬೈಲಿನಲ್ಲಿ ನೀಲಿ ಬೆನ್ನಿನ ಆ ಹಕ್ಕಿಯ ಕೂಗನ್ನು ಒಮ್ಮೆ ಕೇಳಿಸಿ, ಬಾಗಿಲಿಗೆ ಹೊರಗಿನಿಂದ ಮುಳ್ಳುಕೊಂಬೆ ಎಳೆದಿದ್ದ. "ಮಧ್ಯಾಹ್ನ ನಾನೇ ಬಂದು ತೆಗೀತೀನಿ. ಅಲ್ಲೀವರೆಗೆ ಕೆಮ್ಮು ಬಂದ್ರೂ ನುಂಗ್ಕೊಳ್ಳಿ."

ಬಸ್ ನಿಲ್ದಾಣದ ಅನೌನ್ಸರ್‌ಗೆ ಇದು ಶಿಕ್ಷೆಯೇ. ದಿನವಿಡೀ ಮೈಕಿನಲ್ಲಿ ಬಸ್ಸು ಕರೆಯುವ ಬಾಯಿ; ಬಿಡುವಾದರೆ ಕಂಡಕಂಡವರ ದನಿ ಅಣಕಿಸುವ ಬಾಯಿ. ಅದೇ ಮುಳುವಾಗಿತ್ತು. ತಾನು ಮೆಚ್ಚಿದ ಹುಡುಗಿಯ ಮನೆಗೆ ಮೊದಲ ಸಲ ಹೋದಾಗ, ದಂತವೈದ್ಯರಾದ ಅವಳ ಅಪ್ಪನ ಡ್ರಿಲ್ಲಿನ ಸದ್ದನ್ನೂ "ಬಾಯಿ ತೆಗೀರಿ, ಇನ್ನೂ ತೆಗೀರಿ" ಎಂಬ ಗದರಿಕೆಯನ್ನೂ ಅಡುಗೆಮನೆಯಲ್ಲಿ ಅಭಿನಯಿಸುತ್ತಿದ್ದವನ ಬೆನ್ನ ಹಿಂದೆ ಡಾಕ್ಟರೇ ನಿಂತಿದ್ದರು.

"ಅಪ್ಪನ ಜೊತೆ ಹಕ್ಕಿ ನೋಡೋಕೆ ಹೋಗು," ಎಂದಿದ್ದಳು ಅವಳು. "ಒಂದು ಬೆಳಗ್ಗೆ ಬಾಯಿ ಮುಚ್ಕೊಂಡು ಕೂತ್ರೆ ಮದುವೆ ಮಾತಾಡ್ತಾರಂತೆ."

ಕೂತ. ಕಾಲು ಜೋಮು ಹಿಡಿಯಿತು. ಸೊಳ್ಳೆಯೊಂದು ಮೂಗಿನ ತುದಿಯಲ್ಲಿ ನೆಮ್ಮದಿಯಾಗಿ ತಿಂಡಿ ಮುಗಿಸಿತು. ಎದ್ದರೆ ತಲೆಗೆ ಗುಡಾರ, ಚಾಚಿದರೆ ಕಾಲಿಗೆ ಭಾವೀ ಮಾವ. ಕಿಂಡಿಯಾಚೆ ಬೋಳು ಕೊಂಬೆ.

ಬಿಸಿಲೇರಿದಾಗ ಡಾಕ್ಟರು ದುರ್ಬೀನು ಇಳಿಸಿದರು. "ಮೂರ್ ವರ್ಷದಿಂದ ಬರ್ತಿದೀನಿ. ಈ ಸಲನೂ ಕೈಕೊಡ್ತು."

ಜೋತುಬಿದ್ದ ಆ ಹೆಗಲು ನೋಡಿ ಅವನ ಕರುಳು ಚುರುಕ್ಕೆಂದಿತು. ತುಟಿಯೂ ಬೆಳಗಿನಿಂದ ತುರಿಸುತ್ತಿತ್ತೆನ್ನಿ. ಮುಖ ಆಚೆ ತಿರುಗಿಸಿ, ಬಾಯಿಯ ಓರೆಯಿಂದ ಮೆಲ್ಲಗೆ ಸಿಳ್ಳೆ ಊದಿದ: "ಟೀ... ಟೀ... ಟಿರ್ರ್!"

ಡಾಕ್ಟರು ಅವನ ಮೊಣಕಾಲನ್ನು ಅವುಚಿ ಹಿಡಿದರು. "ಕೇಳ್ತಾ? ಬಂದಿದೆ ಕಣೋ!"

ಕೆಟ್ಟೆ, ಅಂದುಕೊಂಡ. ಊದಿದರೆ ಮೋಸ, ನಿಲ್ಲಿಸಿದರೆ ಆ ಹೆಗಲು ಮತ್ತೆ ಜೋತುಬೀಳುತ್ತದೆ, ಓಡಿಹೋಗೋಣವೆಂದರೆ ಮುಳ್ಳು. ಊದಿದ. ಮತ್ತೂ ಊದಿದ.

ಆಗ, ತನ್ನ ಜಾಗಕ್ಕೆ ನುಗ್ಗಿದ ಈ ಹೊಸಬ ಯಾರಪ್ಪಾ ಎಂಬಂತೆ, ನೀಲಿ ಬೆನ್ನಿನ ಹಕ್ಕಿ ನಿಜವಾಗಿಯೂ ಬಂದು ಕೊಂಬೆಯ ಮೇಲೆ ಕೂತಿತು. ಅವನ ಬಾಯಿಂದ ಇನ್ನೊಂದು "ಟಿರ್ರ್" ಆಗಲೇ ಹೊರಟಾಗಿತ್ತು.

ಬಾಯಿ ನೋಡುವುದೇ ಕಸುಬಾದವರು ಡಾಕ್ಟರು. ದುರ್ಬೀನಿನಿಂದ ಕಣ್ಣು ಕೀಳದೆ, "ಅದರ ಕೊಕ್ಕು ಮುಚ್ಚೇ ಇದೆಯಲ್ಲೋ," ಎಂದರು.

ಅವನ ಸಿಳ್ಳೆ ಅಲ್ಲಿಗೇ ನಿಂತಿತು. ಮದುವೆ ಮಂಟಪ ಕಣ್ಣೆದುರೇ ಕುಸಿಯಿತು. ಸದ್ದು ನಿಂತದ್ದೇ ತಡ, ಹಕ್ಕಿ ಅತ್ತ ತಿರುಗಿ ರೆಕ್ಕೆ ಬಿಚ್ಚಿತು.

"ಯಾಕೋ ನಿಲ್ಲಿಸ್ದೆ?" ಡಾಕ್ಟರ ಗದರಿಕೆ ಪಿಸುಮಾತಾಗಿ ಬಂತು. "ಬಾಯಿ ತೆಗಿ. ಇನ್ನೂ ತೆಗಿ!"

ಗೈಡು ಬಂದು ಮುಳ್ಳು ಸರಿಸುವವರೆಗೂ ಅವನಿಗೆ ಬಾಯಿ ಮುಚ್ಚಲು ಅಪ್ಪಣೆ ಸಿಗಲಿಲ್ಲ.